ತತ್ತ್ವಶಾಸ್ತ್ರದ ಮೊದಲ ಪಾಠ

ಕೆಲವು ದಿನಗಳ ಹಿಂದೆ ಮುಂಡರಗಿಯ ನಮ್ಮ ಮನೆಗೆ ಪರಿಚಯದವರೊಬ್ಬರು ಬಂದಿದ್ದರು. ಒಕ್ಕಲುತನದವರು. ಅವರ ಜೊತೆಗೆ ಅವರ ಮಗಳೂ ಬಂದಿದ್ದಳು, ಆಗಷ್ಟೇ ಪಿ.ಯು.ಸಿ. ಮುಗಿಸಿದ ಹುಡುಗಿ. ಚಹ ಕುಡಿದಾದ ಮೇಲೆ ಅವರು ಮೆಲ್ಲಗೆ ಮಾತು ತೆಗೆದರು:

"ಮಾಸ್ತರ, ಈಕಿ ಬಿ.ಎ.ಕ್ಕ ತತ್ತ್ವಶಾಸ್ತ್ರ ತಗೋತೀನಿ ಅಂತ ಹಟ ಹಿಡದಾಳ. ತತ್ತ್ವಪದ ಹಾಡೋ ಮಂದಿ ನಮ್ಮ ಓಣ್ಯಾಗ ಬೇಕಾದಷ್ಟು ಅದಾರ. ಅದಕ್ಕ ಕಾಲೇಜಿಗೆ ಯಾಕ ಹೋಗಬೇಕ್ರಿ? ಅದನ್ನ ಕಲತ್ರ ಏನು ಸಿಗತೈತಿ?"

ಹುಡುಗಿ ನೆಲ ನೋಡುತ್ತ ಕುಳಿತಿದ್ದಳು. ಈ ಪ್ರಶ್ನೆ ನನಗೆ ಹೊಸದಲ್ಲ. ಇದೇ ವಿಷಯವನ್ನು ಅನೇಕ ವರುಷ ಕಾಲೇಜಿನಲ್ಲಿ ಕಲಿಸಿ ನಿವೃತ್ತನಾದವನು ನಾನು. ಪ್ರತಿ ಜೂನ್ ತಿಂಗಳಲ್ಲಿ ಯಾರಾದರೊಬ್ಬ ತಂದೆ ಈ ಮಾತನ್ನು ಕೇಳಿಯೇ ಕೇಳುತ್ತಿದ್ದರು. ನಾನು ಆಯಾ ಹೊತ್ತಿಗೆ ತೋಚಿದ್ದನ್ನು ಹೇಳಿ ಕಳಿಸುತ್ತಿದ್ದೆ. ಆದರೆ ಅಂದು ಆ ಹುಡುಗಿಯ ಮುಂದೆ ಹಾಗೆ ಹೇಳಿ ಸಾಗಹಾಕಲು ಮನಸ್ಸಾಗಲಿಲ್ಲ. ನನಗೇ ಆ ಮೊದಲ ವರುಷದ ಪಾಠದಿಂದ ಏನು ಸಿಕ್ಕಿತೆಂಬುದನ್ನು ಅವರಿಗೆ ಹೇಳಿದೆ. ಅದನ್ನೇ ಇಂದು ನಿಮ್ಮ ಮುಂದೆಯೂ ಇಡುತ್ತೇನೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. ತತ್ತ್ವಶಾಸ್ತ್ರವೆಂದರೆ ವೈರಾಗ್ಯದ ಬೋಧೆ, ಮುಪ್ಪಿನಲ್ಲಿ ಓದತಕ್ಕದ್ದು ಎಂದು ನಮ್ಮಲ್ಲಿ ಬಹು ಜನ ಭಾವಿಸಿದ್ದಾರೆ. ತತ್ತ್ವಪದಗಳ ಬಗೆಗೆ, ಮಠದ ಪುರಾಣ ಪ್ರವಚನಗಳ ಬಗೆಗೆ ನನಗೆ ಪೂರ್ಣ ಗೌರವವಿದೆ. ಅವುಗಳನ್ನು ಕೇಳುತ್ತಲೇ ಬೆಳೆದವನು ನಾನು. ಆದರೆ ಅಲ್ಲಿ ನಾವು ಕೇಳಿ ತಲೆಬಾಗುತ್ತೇವೆ. ಕಾಲೇಜಿನ ತತ್ತ್ವಶಾಸ್ತ್ರದ ತರಗತಿಯಲ್ಲಿ, ಹೇಳಿದ ಮಾತಿಗೆ ಆಧಾರವೇನು ಎಂದು ಕೇಳಬೇಕಾಗುತ್ತದೆ. ಗುರುಗಳು ಹೇಳಿದರೂ ಕೇಳಬೇಕು, ಗ್ರಂಥ ಹೇಳಿದರೂ ಕೇಳಬೇಕು. ಎಲ್ಲಕ್ಕೂ ಮುಂಚೆ, ನಾನೇ ಹೇಳಿದ ಮಾತಿಗೆ ಆಧಾರವೇನು ಎಂದು ಕೇಳಿಕೊಳ್ಳಬೇಕು. ಇದೇ ಎಲ್ಲಕ್ಕಿಂತ ಕಷ್ಟದ್ದು.

ಸುಮಾರು ಐವತ್ತು ವರುಷಗಳ ಹಿಂದಿನ ಮಾತು. ಗದಗ ಜಿಲ್ಲೆ ಆದದ್ದು 1997ರಲ್ಲಿ; ಆಗ ನಮ್ಮ ಮುಂಡರಗಿ ಧಾರವಾಡ ಜಿಲ್ಲೆಯಲ್ಲಿಯೇ ಇತ್ತು. ಬಸ್ಸಿನಲ್ಲಿ ಗದಗಿಗೆ ಬಂದು, ಅಲ್ಲಿಂದ ರೈಲು ಹಿಡಿದು ನಾನು ಧಾರವಾಡಕ್ಕೆ ಕಲಿಯಲು ಹೋದೆ. ತತ್ತ್ವಶಾಸ್ತ್ರವನ್ನು ಪ್ರೀತಿಯಿಂದ ಆರಿಸಿಕೊಂಡೆನೆಂದರೆ ಸುಳ್ಳಾದೀತು. ಬೇಕೆಂದ ವಿಷಯದಲ್ಲಿ ಜಾಗ ಸಿಗದ್ದರಿಂದ ಇದನ್ನು ತೆಗೆದುಕೊಂಡೆ, ಅಷ್ಟೆ.

ಮೊದಲ ವಾರ ನಮ್ಮ ಪ್ರಾಧ್ಯಾಪಕರು ಅನುಮಾನ ಎಂಬ ಪಾಠ ತೆಗೆದರು. ಇಲ್ಲಿ ಅನುಮಾನವೆಂದರೆ ಸಂಶಯವಲ್ಲ. ಕಂಡದ್ದರಿಂದ ಕಾಣದ್ದನ್ನು ತಿಳಿದುಕೊಳ್ಳುವ ಬಗೆಗೆ ನಮ್ಮ ನ್ಯಾಯಶಾಸ್ತ್ರದವರು ಇಟ್ಟ ಹೆಸರು ಅದು. ಅದಕ್ಕೆ ಶತಮಾನಗಳಿಂದ ಹೇಳುತ್ತ ಬಂದ ಉದಾಹರಣೆ ಒಂದೇ: ಗುಡ್ಡದ ಮೇಲೆ ಹೊಗೆ ಕಾಣುತ್ತದೆ, ಆದುದರಿಂದ ಅಲ್ಲಿ ಬೆಂಕಿ ಇದೆ.

"ಗುಡ್ಡದ ಸೀಮೆಯವರು ಯಾರಾದರೂ ಇದ್ದೀರಾ?" ಎಂದು ಅವರು ಕೇಳಿದರು. ನಾನು ಎದ್ದು ನಿಂತೆ. ಮುಂಡರಗಿಯಿಂದ ಗದಗಿಗೆ ಹೋಗುವಾಗ ಎಡಕ್ಕೆ ಉದ್ದಕ್ಕೂ ಕಾಣುವ ಕಪ್ಪತಗುಡ್ಡವನ್ನು ನಮ್ಮ ಕಡೆಯವರಿಗೆ ಪರಿಚಯಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಅಲ್ಲಿಯ ಒಣಹುಲ್ಲಿಗೆ ಕಿಚ್ಚು ಬಿದ್ದರೆ ಹೊಗೆ ದೂರದ ಊರುಗಳಿಗೂ ಕಾಣುತ್ತದೆ. ಆಷಾಢ ಶ್ರಾವಣದಲ್ಲಿ ಅದೇ ಗುಡ್ಡದ ತಲೆಯ ಮೇಲೆ ಮಂಜು ಕೂತಿರುತ್ತದೆ.

"ಬೆಳಗಿನಲ್ಲಿ ದೂರದಿಂದ ನೋಡಿದಾಗ ಅದು ಮಂಜೋ ಹೊಗೆಯೋ, ಹೇಗೆ ಹೇಳುತ್ತೀ?" ಎಂದು ಕೇಳಿದರು. ನಾನು ತಡವರಿಸಿದೆ. "ಹಾಗಾದರೆ ಬೆಂಕಿ ಇದೆ ಎನ್ನುವ ಮುಂಚೆ, ನೀನು ಕಂಡದ್ದು ಹೊಗೆಯೇ ಎಂಬುದು ಗಟ್ಟಿಯಾಗಬೇಕಲ್ಲವೆ?" ಎಂದರು.

ಆಮೇಲೆ ಅವರು ಹಲಗೆಯ ಮೇಲೆ ಐದು ಮೆಟ್ಟಿಲುಗಳನ್ನು ಬರೆದರು. ನೈಯಾಯಿಕರು ಮತ್ತೊಬ್ಬನನ್ನು ಒಪ್ಪಿಸಬೇಕಾದಾಗ ತಮ್ಮ ಮಾತನ್ನು ಐದು ಭಾಗ ಮಾಡಿ ಹೇಳಬೇಕೆಂದು ನಿಯಮ ಮಾಡಿದ್ದರು. ಮೊದಲನೆಯದು ಪ್ರತಿಜ್ಞೆ: ಗುಡ್ಡದಲ್ಲಿ ಬೆಂಕಿ ಇದೆ. ಎರಡನೆಯದು ಹೇತು: ಏಕೆಂದರೆ ಹೊಗೆ ಇದೆ. ಮೂರನೆಯದು ಉದಾಹರಣೆ: ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ, ನಮ್ಮ ಅಡಿಗೆಮನೆಯ ಒಲೆಯಲ್ಲಿ ಇದ್ದಂತೆ. ನಾಲ್ಕನೆಯದು ಉಪನಯ: ಈ ಗುಡ್ಡದ ಮೇಲೂ ಅಂಥದೇ ಹೊಗೆ ಇದೆ. ಐದನೆಯದು ನಿಗಮನ: ಆದುದರಿಂದ ಗುಡ್ಡದಲ್ಲಿ ಬೆಂಕಿ ಇದೆ. ಇವುಗಳಲ್ಲಿ ಮೂರನೆಯದೇ ಇಡೀ ಮಾತಿನ ನಡುಗಂಬ. ಹೊಗೆಗೂ ಬೆಂಕಿಗೂ ಎಂದೂ ತಪ್ಪದ ಸಂಬಂಧವಿದೆಯೆಂದು ಅದು ಹೇಳುತ್ತದೆ. ಆ ಸಂಬಂಧಕ್ಕೆ ವ್ಯಾಪ್ತಿ ಎಂದು ಹೆಸರು.

"ನಿಮ್ಮ ಮನೆಯಲ್ಲಿ ನಡೆದ ಯಾವುದಾದರೊಂದು ಸಂಗತಿಯನ್ನು ಈ ಐದು ಮೆಟ್ಟಿಲಿನಲ್ಲಿ ಇಟ್ಟು ತನ್ನಿ" ಎಂದು ಅವರು ನಮಗೆ ಕೆಲಸ ಕೊಟ್ಟರು.

ಈಗ ನಮ್ಮ ಮನೆಯ ಒಂದು ಮಾತು ಹೇಳಬೇಕು. ನಮ್ಮ ತಂದೆಯವರದು ಮುಂಡರಗಿಯ ಪೇಟೆಯಲ್ಲಿ ಚಿಕ್ಕದೊಂದು ದಲಾಲಿ ಅಂಗಡಿ. ಜೋಳ, ಹತ್ತಿ, ಶೇಂಗಾ, ಉಳ್ಳಾಗಡ್ಡಿಯ ವ್ಯವಹಾರ. ಆ ಬೇಸಿಗೆಯಲ್ಲಿ ಒಂದು ದಿನ ಗಲ್ಲೆಯಲ್ಲಿ 300 ರೂಪಾಯಿ ಕಡಿಮೆ ಬಂದಿತು. ಆಗಿನ ಕಾಲಕ್ಕೆ ಅದು ಸಣ್ಣ ಹಣವಲ್ಲ. ನಮ್ಮಲ್ಲಿ ಆರು ವರುಷದಿಂದ ಒಬ್ಬ ಆಳು ಇದ್ದ. ಅಂದು ನಸುಕಿನಲ್ಲಿ ಅವನು ಕಂಕುಳಲ್ಲಿ ಗಂಟು ಇಟ್ಟುಕೊಂಡು, ಯಾರಿಗೂ ಹೇಳದೆ ಊರಿಗೆ ಹೋಗಿದ್ದ. ಅದನ್ನು ಕಂಡವನು ನಾನು. ಕೇಳಿದವರಿಗೆಲ್ಲ ಹೇಳಿದವನೂ ನಾನೇ. ಮೂರು ದಿನ ಬಿಟ್ಟು ಅವನು ಬಂದಾಗ ನಮ್ಮ ತಂದೆ ಅವನನ್ನು ಹೊಸ್ತಿಲ ಹೊರಗೇ ನಿಲ್ಲಿಸಿ ಮಾತಾಡಿದರು. "ತಾಯಿಗೆ ಜ್ವರ ಇತ್ತರಿ" ಎಂದ. ಯಾರೂ ನಂಬಲಿಲ್ಲ. ಎರಡು ತಿಂಗಳ ಸಂಬಳವನ್ನು ಹಿಡಿದುಕೊಂಡು ಅವನನ್ನು ಬಿಡಿಸಿದ್ದಾಯಿತು.

ನಾನು ಈ ಸಂಗತಿಯನ್ನೇ ಬರೆದುಕೊಂಡು ಹೋದೆ; ಒಳ್ಳೆಯ ಉದಾಹರಣೆ ಸಿಕ್ಕಿತೆಂಬ ಹೆಮ್ಮೆ ಬೇರೆ. ಪ್ರತಿಜ್ಞೆ: ಆಳು ಹಣ ಕದ್ದಿದ್ದಾನೆ. ಹೇತು: ಏಕೆಂದರೆ ನಸುಕಿನಲ್ಲಿ ಗಂಟು ಹಿಡಿದು ಹೇಳದೆ ಹೋದನು. ಪ್ರಾಧ್ಯಾಪಕರು ಅಲ್ಲಿಗೆ ತಡೆದರು. "ಮೂರನೆಯದು?" ಎಂದರು.

ನಾನು ಹೇಳತೊಡಗಿದೆ: "ಯಾರು ಯಾರು ನಸುಕಿನಲ್ಲಿ ಗಂಟು ಹಿಡಿದು ಹೇಳದೆ ಹೋಗುವರೋ, ಅವರೆಲ್ಲ..." ಮಾತು ಮುಂದೆ ಹೋಗಲಿಲ್ಲ. ತರಗತಿಯಲ್ಲಿ ಕೆಲವರು ನಕ್ಕರು. ಹಿಂದಿನ ಸಾಲಿನವನೊಬ್ಬ, "ನಾನೂ ಊರಿಂದ ಹಂಗ ಬಂದೇನ್ರಿ ಸರ" ಎಂದ. ಪ್ರಾಧ್ಯಾಪಕರು ನಗಲಿಲ್ಲ. "ಅವನು ಕದ್ದಿರಲೂಬಹುದು," ಎಂದರು. "ಆದರೆ ನಿಮಗೆ ಗೊತ್ತಿರಲಿಲ್ಲ. ಗೊತ್ತಿದೆ ಎಂದು ನಡೆದುಕೊಂಡಿರಿ." ಅಷ್ಟು ಹೇಳಿ ಮುಂದಿನ ಪಾಠಕ್ಕೆ ಹೋದರು. ಆ ಮಾತು ನನ್ನನ್ನು ದೀಪಾವಳಿಯ ತನಕ ಬಿಡಲಿಲ್ಲ.

ಕೇಳುಗರು ಗಮನಿಸಬೇಕಾದ ವಿಷಯವೊಂದಿದೆ. ನನ್ನ ಕಣ್ಣು ಸುಳ್ಳು ಹೇಳಿರಲಿಲ್ಲ. ನಸುಕು ನಿಜ, ಗಂಟೂ ನಿಜ. ತಪ್ಪಿದ್ದು ಕಂಡದ್ದರಲ್ಲಿ ಅಲ್ಲ, ಕಂಡದ್ದರಿಂದ ಜಿಗಿದದ್ದರಲ್ಲಿ. ಈ ಜಿಗಿತವನ್ನು ನಮ್ಮ ಹಿರಿಯರು ಎಷ್ಟು ಸೂಕ್ಷ್ಮವಾಗಿ ಪರೀಕ್ಷಿಸಿದ್ದರೆಂಬುದಕ್ಕೆ ಅದೇ ವರುಷ ಓದಿದ ಇನ್ನೊಂದು ಪಾಠವನ್ನು ಹೇಳುತ್ತೇನೆ.

ಗೌತಮನ ನ್ಯಾಯಸೂತ್ರಗಳಲ್ಲಿ ಅನುಮಾನವನ್ನೇ ಒಪ್ಪದ ಒಬ್ಬ ಪ್ರತಿವಾದಿಯ ಮಾತು ಬರುತ್ತದೆ. ಹೊಳೆ ತುಂಬಿ ಬಂದದ್ದನ್ನು ಕಂಡು ಮೇಲೆ ಮಳೆಯಾಗಿದೆ ಎನ್ನುತ್ತೀರಿ. ಆದರೆ ಕೆಳಗೆ ನೀರಿಗೆ ಅಡ್ಡಗಟ್ಟಿದರೂ ಹೊಳೆ ತುಂಬೀತು. ಇರುವೆಗಳು ತತ್ತಿ ಹೊತ್ತು ಸಾಗುವದನ್ನು ಕಂಡು ಮಳೆ ಬರುತ್ತದೆ ಎನ್ನುತ್ತೀರಿ. ಅವುಗಳ ಗೂಡನ್ನು ಯಾರಾದರೂ ಕೆಡಿಸಿದ್ದರೂ ಅವು ಹಾಗೆ ಸಾಗಾವು. ನವಿಲಿನ ಕೂಗು ಕೇಳಿ ಅಲ್ಲಿ ನವಿಲಿದೆ ಎನ್ನುತ್ತೀರಿ. ಮನುಷ್ಯನೊಬ್ಬ ಹಾಗೆ ಕೂಗಿರಬಹುದು. ಆದುದರಿಂದ ಅನುಮಾನವನ್ನು ನಂಬುವಂತಿಲ್ಲ ಎಂಬುದು ಅವನ ವಾದ.

ನಾನು ಇದನ್ನು ಓದಿದಾಗ ಹೊಳೆಗೆ ಅಡ್ಡಗಟ್ಟುವ ಮಾತು ಪುಸ್ತಕದ ಚಾತುರ್ಯವೆಂದೇ ತೋರಿತ್ತು. ತುಂಗಭದ್ರೆ ನಮ್ಮ ತಾಲೂಕಿನ ದಂಡೆಯಲ್ಲಿ ಹರಿಯುವ ಹೊಳೆ; ಅದು ತುಂಬಿದರೆ ಮಲೆನಾಡಿನಲ್ಲಿ ಮಳೆಯಾಗಿದೆ ಎಂಬುದನ್ನು ನಮ್ಮಲ್ಲಿ ಕೂಸೂ ಹೇಳೀತು. ಆಮೇಲೆ ಸಿಂಗಟಾಲೂರು ಏತ ನೀರಾವರಿಗಾಗಿ ಹಮ್ಮಿಗಿಯ ಹತ್ತಿರ ಹೊಳೆಗೆ ಅಡ್ಡವಾಗಿ ಬ್ಯಾರೇಜು ಕಟ್ಟಿದರು. ಈಗ ಗೇಟು ಇಳಿಸಿದರೆ, ಮೇಲೆ ಒಂದು ಹನಿ ಮಳೆ ಇಲ್ಲದಿದ್ದರೂ ಹೊಳೆಯ ನೀರು ಏರಿ ನಿಲ್ಲುತ್ತದೆ. ಹಳೆಯ ಗ್ರಂಥದ ಪ್ರತಿವಾದಿ ನಮ್ಮ ಹೊಳೆಯ ದಂಡೆಗೇ ಬಂದು ನಿಂತಂತಾಯಿತು.

ಅವನಿಗೆ ಸೂತ್ರಗಳ ಭಾಷ್ಯಕಾರ ವಾತ್ಸ್ಯಾಯನ ಕೊಟ್ಟ ಉತ್ತರವೂ ಹೊಳೆಯ ದಂಡೆಯ ಒಕ್ಕಲಿಗ ಕೊಡುವಂಥದೇ. ಬರಿಯ ನೀರಿನ ಏರಿಕೆಯನ್ನು ಕಂಡು ಮಳೆಯೆಂದರೆ ಅದು ಅನುಮಾನವೇ ಅಲ್ಲ. ನೀರಿನ ಬಣ್ಣ ಮೊದಲಿನಂತಿಲ್ಲ, ಸೆಳವು ಹೆಚ್ಚಿದೆ, ನೊರೆ ಬರುತ್ತಿದೆ, ಎಲೆ, ಹಣ್ಣು, ಕಟ್ಟಿಗೆ ತೇಲಿ ಬರುತ್ತಿವೆ: ಇಷ್ಟನ್ನೂ ನೋಡಿ ಮಳೆಯೆಂದರೆ ಅದು ಅನುಮಾನ. ಗೇಟಿಗೆ ತಡೆದು ನಿಂತ ನೀರಿನಲ್ಲಿ ಈ ಗುರುತುಗಳು ಇರುವದಿಲ್ಲ. ತಪ್ಪು ಅನುಮಾನದ್ದಲ್ಲ, ಅರ್ಧ ನೋಡಿ ಪೂರ್ತಿ ಹೇಳಿದವನದು. ಇದನ್ನು ಓದಿದ ದಿನ ನನಗೆ ಮತ್ತೆ ನಮ್ಮ ಆಳಿನ ಗಂಟು ನೆನಪಾಯಿತು. ಅದರಲ್ಲಿ ಏನಿತ್ತೆಂದು ನಾವು ಯಾರೂ ನೋಡಿರಲಿಲ್ಲ.

ಇಷ್ಟಕ್ಕೇ ಪಾಠ ಮುಗಿಯಲಿಲ್ಲ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇದ್ದೇ ಇರುತ್ತದೆಂದು ಹೇಗೆ ಬಲ್ಲಿರಿ, ಲೋಕದ ಎಲ್ಲ ಹೊಗೆಯನ್ನೂ ನೋಡಿದ್ದೀರಾ ಎಂದು ಚಾರ್ವಾಕ ಕೇಳುತ್ತಾನೆ. 1711ರಲ್ಲಿ ಸ್ಕಾಟ್ಲಂಡದಲ್ಲಿ ಹುಟ್ಟಿದ ಡೇವಿಡ್ ಹ್ಯೂಮ್ ಎಂಬ ತತ್ತ್ವಜ್ಞಾನಿ ಚಾರ್ವಾಕನ ಹೆಸರನ್ನು ಎತ್ತದೆಯೇ ಅಂಥದೇ ಪ್ರಶ್ನೆಯನ್ನು ಕೇಳಿದ. ಇಂದಿನ ತನಕ ಸೂರ್ಯ ಹುಟ್ಟಿದ್ದಾನೆ. ನಾಳೆಯೂ ಹುಟ್ಟುವನೆಂದು ನಂಬುವದಕ್ಕೆ ನಮ್ಮ ರೂಢಿಯ ಹೊರತು ಬೇರೆ ಆಧಾರವೇನು ಎಂದ. ಇದಕ್ಕೆ ಬಂದ ಉತ್ತರಗಳು ಹಲವು, ಆ ಉತ್ತರಗಳಿಗೆ ಮತ್ತೆ ಬಂದ ಆಕ್ಷೇಪಗಳು ಹಲವು. ಮೊದಲ ವರುಷದ ವಿದ್ಯಾರ್ಥಿಗೆ ಇದೆಲ್ಲ ಬಗೆಹರಿಯುವದಿಲ್ಲ. ಆದರೆ ತಾನು ಗಟ್ಟಿ ಎಂದು ನಿಂತ ನೆಲವನ್ನು ಒಮ್ಮೆ ಕಾಲಿನಿಂದ ಒತ್ತಿ ನೋಡುವ ಅಭ್ಯಾಸ ಅವನಿಗೆ ಬರುತ್ತದೆ.

ಚಾರ್ವಾಕನ ಮಾತು ಬಂದುದರಿಂದ ಇನ್ನೊಂದು ಸಂಗತಿ ಹೇಳಬೇಕು. ಅವನ ಮತದವರ ಗ್ರಂಥಗಳು ಹೆಚ್ಚಾಗಿ ಉಳಿದಿಲ್ಲ. ಅವನ ವಾದವನ್ನು ನಮಗೆ ಮುಟ್ಟಿಸಿದವರು ಹೆಚ್ಚಾಗಿ ಅವನ ವಿರೋಧಿಗಳೇ. ತುಂಗಭದ್ರೆಯ ಗುಂಟ ಕೆಳಗೆ ಹೋದರೆ ಸಿಗುವ ವಿಜಯನಗರದ ಕಾಲದಲ್ಲಿ, 14ನೆಯ ಶತಮಾನದಲ್ಲಿ, ಮಾಧವಾಚಾರ್ಯರ ಹೆಸರಿನಿಂದ ಪ್ರಸಿದ್ಧವಾದ 'ಸರ್ವದರ್ಶನಸಂಗ್ರಹ' ಹುಟ್ಟಿತು. ಅದು ವೇದಾಂತಿಯ ಗ್ರಂಥ. ಆದರೂ ಅದರ ಮೊದಲ ಅಧ್ಯಾಯವೇ ವೇದವನ್ನು ಒಪ್ಪದ ಚಾರ್ವಾಕನಿಗೆ ಮೀಸಲು. ಎರಡನೆಯದು ಬೌದ್ಧರಿಗೆ, ಮೂರನೆಯದು ಜೈನರಿಗೆ. ಎದುರಾಳಿಯ ಮಾತನ್ನು ಮೊದಲು ಪೂರ್ತಿ ಹೇಳಿ, ಅದರ ಬಲವನ್ನು ತೋರಿಸಿ, ಆಮೇಲೆ ತನ್ನ ಉತ್ತರ ಕೊಡಬೇಕೆಂಬ ಈ ಕ್ರಮಕ್ಕೆ ಪೂರ್ವಪಕ್ಷ ಎನ್ನುತ್ತಾರೆ. ನಮ್ಮ ಪ್ರಾಧ್ಯಾಪಕರ ಪರೀಕ್ಷೆಯಲ್ಲಿ ಪೂರ್ವಪಕ್ಷವನ್ನು ಅರ್ಧಕ್ಕೆ ಬಿಟ್ಟು ಖಂಡನೆಗೆ ಇಳಿದವನಿಗೆ ಅಂಕ ಸಿಗುತ್ತಿರಲಿಲ್ಲ.

ಇಂಥ ವಾದಗಳು ದೂರದ ಕಾಶಿ, ನಾಲಂದಾಗಳ ಸೊತ್ತು ಎಂದು ತಿಳಿಯಬಾರದು. ನಮ್ಮ ಮುಂಡರಗಿ ತಾಲೂಕಿನ ಡಂಬಳಕ್ಕೆ ಹೋಗಿ ನೋಡಿರಿ. ಆಗ ಅದರ ಹೆಸರು ಧರ್ಮವೊಳಲು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ, 1095ರ ಸುಮಾರಿನ ಶಾಸನವೊಂದು ಅಲ್ಲಿ ಬೌದ್ಧ ವಿಹಾರವಿತ್ತೆಂದೂ, ಊರಿನ ಸೆಟ್ಟಿಗಳು ಅದನ್ನು ಕಟ್ಟಿಸಿದರೆಂದೂ, ಅಲ್ಲಿ ತಾರಾದೇವಿಯ ಆರಾಧನೆ ನಡೆಯುತ್ತಿತ್ತೆಂದೂ ಹೇಳುತ್ತದೆ. ಅದೇ ಊರಿನಲ್ಲಿ ಶಿವಾಲಯವಾದ ದೊಡ್ಡಬಸಪ್ಪನ ಗುಡಿ ನಕ್ಷತ್ರದಂತೆ ಮೂಲೆಮೂಲೆಯಾಗಿ ನಿಂತಿದೆ. ಅಲ್ಲಿಂದ ಒಂದು ದಿನದ ನಡಿಗೆಯ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯವಿದೆ. ಆತ್ಮ ಉಂಟೆಂಬ ಶೈವರು, ಸ್ಥಿರವಾದ ಆತ್ಮವಿಲ್ಲವೆಂಬ ಬೌದ್ಧರು, ಒಂದೇ ಮಾತಿನಿಂದ ಸತ್ಯ ಮುಗಿಯದೆಂಬ ಜೈನರು ಇದೇ ಸೀಮೆಯಲ್ಲಿ ನೆರೆಹೊರೆಯಾಗಿ ಬಾಳಿದರು. ಅವರಲ್ಲಿ ಜಗಳ ಇರಲೇ ಇಲ್ಲವೆಂದು ನಾನು ಹೇಳಲಾರೆ. ಆದರೆ ಅವರ ಶಾಸ್ತ್ರಗಳು ಒಂದನ್ನೊಂದು ಓದಿ, ಒಂದಕ್ಕೊಂದು ಉತ್ತರ ಕೊಡುತ್ತ ಬೆಳೆದವು. ಆತ್ಮ ಉಂಟೋ ಇಲ್ಲವೋ ಎಂಬ ಪಾಠ ಬಂದಾಗ ಡಂಬಳದ ದಾರಿಯ ಹುಡುಗನಿಗೆ ಅದು ಪರಕೀಯವೆನಿಸಬೇಕಾಗಿಲ್ಲ.

ಮೊದಲ ವರುಷದಲ್ಲಿ ಇನ್ನೊಂದು ಭಾಗವಿತ್ತು: ನೀತಿಶಾಸ್ತ್ರ. ಅಲ್ಲಿ ನಾವು ಗ್ರೀಸ್ ದೇಶದ ಸಾಕ್ರೆಟಿಸನ ಕಥೆ ಓದಿದೆವು. ಅಥೆನ್ಸ್ ನಗರದ ನ್ಯಾಯಸಭೆ ಕ್ರಿಸ್ತಪೂರ್ವ 399ರಲ್ಲಿ ಅವನಿಗೆ ಮರಣದಂಡನೆ ವಿಧಿಸಿತು. ಗೆಳೆಯ ಕ್ರೈಟೋ ಸೆರೆಮನೆಯಿಂದ ಪಾರಾಗುವ ವ್ಯವಸ್ಥೆ ಮಾಡಿಕೊಂಡು ಬಂದ. ತೀರ್ಪು ಅನ್ಯಾಯದ್ದೆಂದು ಬಲ್ಲ ಸಾಕ್ರೆಟಿಸನು, ಇಷ್ಟು ಕಾಲ ಯಾವ ಕಾನೂನಿನ ಆಸರೆಯಲ್ಲಿ ಬಾಳಿದೆನೋ ಅದನ್ನು ಈಗ ಮುರಿಯಲಾರೆ ಎಂದು ವಿಷ ಕುಡಿದ. ಪಾಠ ಮುಗಿದಾಗ ನಾನು ಕೇಳಿದೆ: "ಹಾಗಾದರೆ ನಮ್ಮ ಮುಂಡರಗಿ ಭೀಮರಾಯ ಮಾಡಿದ್ದು ತಪ್ಪೇ ಸರ?" ಭೀಮರಾಯನು ಕುಂಪಣಿ ಸರಕಾರದ ವಿರುದ್ಧ ಆಯುಧ ಹಿಡಿದು, 1858ರಲ್ಲಿ ಕೊಪ್ಪಳದ ಕೋಟೆಯಲ್ಲಿ ಮಡಿದವನು. ಅವನ ಹೆಸರು ಕೇಳಿ ಬೆಳೆದವರು ನಾವು. ಪ್ರಾಧ್ಯಾಪಕರಿಗೆ ಸಂತೋಷವಾಯಿತು. ಒಬ್ಬ ಕಾನೂನಿಗೆ ತಲೆಬಾಗಿ ಸತ್ತ, ಇನ್ನೊಬ್ಬ ಕಾನೂನನ್ನು ಮುರಿದು ಸತ್ತ, ಇಬ್ಬರನ್ನೂ ಗೌರವಿಸುತ್ತೇವೆ. ಒಪ್ಪಿ ಬಾಳಿದ ಕಾನೂನಿಗೂ ಹೇರಿದ ಕಾನೂನಿಗೂ ಇರುವ ವ್ಯತ್ಯಾಸದಿಂದ ಇದು ಬಗೆಹರಿಯುವದೇ ಎಂದು ಅವರು ಕೇಳಿದರು. ಅಂದು ಗಂಟೆ ಬಾರಿಸಿದರೂ ಯಾರೂ ಏಳಲಿಲ್ಲ.

ದೀಪಾವಳಿಗೆ ನಾನು ಊರಿಗೆ ಬಂದೆ. ಅಂಗಡಿಯಲ್ಲಿ ಲಕ್ಷ್ಮೀಪೂಜೆಗಾಗಿ ಹಳೆಯ ವಹಿಗಳನ್ನು ತೆಗೆದಿಟ್ಟು ಹೊಸ ವಹಿಗೆ ಕುಂಕುಮ ಹಚ್ಚುತ್ತಿದ್ದರು. ನಾನು ಧೈರ್ಯ ಮಾಡಿ ಕೇಳಿದೆ: "ಅಪ್ಪಾ, ಆ ಮುನ್ನೂರು ರೂಪಾಯಿ ಅವನೇ ತಗೊಂಡಾನ ಅಂತ ನಮಗ ಹೆಂಗ ಗೊತ್ತು?"

ತಂದೆಯವರಿಗೆ ಸಿಟ್ಟು ಬಂತು. "ನೀನ ನೋಡೀದಿ ಅಂದೆಲ್ಲೋ!" ಎಂದರು.

"ನಾ ನೋಡಿದ್ದು ಗಂಟು. ರೊಕ್ಕ ನೋಡಿಲ್ಲ."

"ಕಾಲೇಜು ಕಲತು ನನಗ ಬುದ್ಧಿ ಹೇಳಾಕ ಬಂದೀಯೇನು?" ಎಂದು ಅವರು ಎದ್ದುಹೋದರು. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹಳೆಯ ವಹಿ ತೆಗೆದು, ಹಿಡಿದುಕೊಂಡ ಎರಡು ತಿಂಗಳ ಸಂಬಳದ ಲೆಕ್ಕ ಮಾಡಿ, ನನ್ನನ್ನು ಕರೆದುಕೊಂಡು ಅವನ ಊರಿಗೆ ನಡೆದರು. ಅವನ ಮನೆಯ ಕಟ್ಟೆಯ ಮೇಲೆ ಕುಳಿತು ಹಣವನ್ನು ಎಣಿಸಿ ಇಟ್ಟರು. "ನಮಗ ಗೊತ್ತಿರಲಿಲ್ಲಪಾ. ಗೊತ್ತೈತಿ ಅಂದ್ವಿ. ತಪ್ಪಾತು" ಎಂದರು. ನಮ್ಮ ತಂದೆ ಇನ್ನೊಬ್ಬರ ಮುಂದೆ ತಪ್ಪಾಯಿತೆಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವನು ಹಣವನ್ನು ತೆಗೆದುಕೊಂಡ. ಒಳಗಿನಿಂದ ನೀರು ತಂದುಕೊಟ್ಟ. ಕೆಲಸಕ್ಕೆ ಮಾತ್ರ ಮರಳಿ ಬರಲಿಲ್ಲ.

ಆ 300 ರೂಪಾಯಿ ಆಮೇಲೆ ಎಲ್ಲಿಯೋ ಸಿಕ್ಕಿತೆಂದು ನಾನು ಹೇಳಿದ್ದರೆ ಕಥೆ ಚೆನ್ನಾಗಿರುತ್ತಿತ್ತು. ಅದು ಸಿಗಲಿಲ್ಲ. ಯಾರು ತೆಗೆದರು, ಇಲ್ಲವೆ ಲೆಕ್ಕದಲ್ಲಿಯೇ ತಪ್ಪಿತೋ, ಇಂದಿಗೂ ನನಗೆ ಗೊತ್ತಿಲ್ಲ. ತತ್ತ್ವಶಾಸ್ತ್ರ ಕಳ್ಳನನ್ನು ಹಿಡಿದುಕೊಡಲಿಲ್ಲ. ಗೊತ್ತಿರುವದಕ್ಕೂ ಗೊತ್ತಿದೆಯೆಂದು ಅನಿಸುವದಕ್ಕೂ ನಡುವೆ ಇರುವ ಅಂತರವನ್ನು ತೋರಿಸಿತು. ಆ ಅಂತರದಲ್ಲಿ ಒಬ್ಬ ಮನುಷ್ಯನ ಎರಡು ತಿಂಗಳ ಕೂಳು ಇತ್ತು, ಆರು ವರುಷ ದುಡಿದು ಗಳಿಸಿದ ಅವನ ಹೆಸರಿತ್ತು.

ಈ ವಿದ್ಯೆಯನ್ನು ಕಲಿಸಿದ ದೊಡ್ಡವರು ನಮ್ಮ ನಾಡಿನಲ್ಲಿಯೇ ಆಗಿಹೋಗಿದ್ದಾರೆ. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಸ್ಥಾಪನೆಯಾದ ಬಳಿಕ, 1918ರಿಂದ 1921ರ ತನಕ ಡಾ. ರಾಧಾಕೃಷ್ಣನ್ ಅಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅಲ್ಲಿಯೇ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದ ಎಂ. ಹಿರಿಯಣ್ಣನವರು ವರುಷ ವರುಷವೂ ವಿದ್ಯಾರ್ಥಿಗಳಿಗೆ ಹೇಳಿದ ಪಾಠಗಳೇ ಬೆಳೆದು, 1932ರಲ್ಲಿ ಭಾರತೀಯ ದರ್ಶನಗಳ ರೂಪರೇಖೆಯನ್ನು ಕೊಡುವ ಅವರ ಇಂಗ್ಲಿಷ್ ಗ್ರಂಥವಾಯಿತು. ಇಂದಿಗೂ ಮೊದಲ ವರುಷದ ವಿದ್ಯಾರ್ಥಿಯ ಕೈಗೆ ಕೊಡಬಹುದಾದ ಪುಸ್ತಕವದು. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ಗುರುದೇವ ರಾನಡೆಯವರು ಸಾಂಗಲಿಯಲ್ಲಿ, ಅಲಹಾಬಾದಿನಲ್ಲಿ ತತ್ತ್ವಶಾಸ್ತ್ರ ಕಲಿಸಿದರು. ನಿಂಬಾಳದಲ್ಲಿ ಸಾಧಕರಾಗಿ ನೆಲೆಸಿದ ಅವರು ಗ್ರೀಕ್ ತತ್ತ್ವಜ್ಞಾನವನ್ನೂ ಉಪನಿಷತ್ತುಗಳನ್ನೂ ಒಂದೇ ಶ್ರದ್ಧೆಯಿಂದ ಅಭ್ಯಾಸ ಮಾಡಿದವರು. ಭಕ್ತಿಗೂ ವಿಚಾರಕ್ಕೂ ವೈರವೆಂದು ಹೇಳುವವರು ಅವರ ಜೀವನವನ್ನು ನೋಡಬೇಕು. ಧಾರವಾಡದಲ್ಲಿ ಕರ್ನಾಟಕ ಕಾಲೇಜು 1917ರಲ್ಲಿ ಆರಂಭವಾಗಿತ್ತು. 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯವೂ ಅಲ್ಲಿಗೆ ಬಂದು ನೆಲೆಸಿತು. ಆಮೇಲೆಯೇ ನಮ್ಮಂಥ ಹಳ್ಳಿ ಪೇಟೆಗಳ ಹುಡುಗರಿಗೆ ಈ ಬಾಗಿಲು ಹತ್ತಿರವಾಯಿತು.

ಇನ್ನು ಆ ತಂದೆಯ ಪ್ರಶ್ನೆಗೆ ಬರೋಣ. ಏನು ಸಿಗುತ್ತದೆ? ನೌಕರಿಯ ಮಾತನ್ನು ಮುಚ್ಚಿಡುವದು ಸರಿಯಲ್ಲ. ತತ್ತ್ವಶಾಸ್ತ್ರದ ಪದವಿ ಹಿಡಿದು ನೇರವಾಗಿ ಸಿಗುವ ನೌಕರಿಗಳು ಕಡಿಮೆ. ಕಲಿಸುವ ಕೆಲಸವುಂಟು, ಆದರೆ ಜಾಗಗಳು ಬಹಳಿಲ್ಲ. ವಕೀಲಿಗೆ ಹೋಗುವವರಿಗೆ ಈ ಅಭ್ಯಾಸ ಬಲ ಕೊಡುತ್ತದೆ. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ಇದನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಬಹುದು. ಇಷ್ಟನ್ನೂ ಅವರಿಗೆ ಹೇಳಿದೆ. ಹೊಟ್ಟೆಯ ಚಿಂತೆ ಇರುವ ಮನೆಯಲ್ಲಿ ಆ ಲೆಕ್ಕವನ್ನೂ ಹಾಕಲೇಬೇಕು.

ಆಮೇಲೆ ನಮ್ಮ ಆಳಿನ ಕಥೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ ಮಗಳ ಕಡೆಗೆ ತಿರುಗಿ, "ಹಂಗಾದ್ರ ನೀ ನಾಳೆ ನನಗೂ ಪ್ರಶ್ನೆ ಕೇಳಾಕಿ ಆದಿ" ಎಂದರು.

ಹುಡುಗಿ ಮೊದಲ ಸಲ ತಲೆಯೆತ್ತಿದಳು. "ಕೇಳ್ತೀನಿ ಅಪ್ಪಾ. ಆದ್ರ ಮೊದಲ ನೀ ಹೇಳೋದನ್ನ ಪೂರ್ತಿ ಕೇಳಿ, ಆಮ್ಯಾಲ ಕೇಳ್ತೀನಿ" ಎಂದಳು.

ಪೂರ್ವಪಕ್ಷ ಎಂಬ ಶಬ್ದವನ್ನು ನಾನು ಅವಳಿಗೆ ಇನ್ನೂ ಹೇಳಿರಲಿಲ್ಲ. ಅರ್ಜಿ ತುಂಬಲು ಇನ್ನೂ ಎಂಟು ದಿನಗಳಿದ್ದವು. "ವಿಚಾರ ಮಾಡೋಣು" ಎಂದು ತಂದೆ ಎದ್ದರು. ಆ ಮನೆಯಲ್ಲಿ ಪಾಠ ಆಗಲೇ ಸುರುವಾಗಿತ್ತು.

ಕೇಳುಗರೇ, ನಿಮ್ಮ ಮನೆಯಲ್ಲಿಯೂ ಮಗನೋ ಮಗಳೋ ಇಂಥ ಆಸೆಯನ್ನು ಹೇಳಿಕೊಂಡರೆ ಕೂಡಲೇ ಬೇಡವೆನ್ನಬೇಡಿರಿ. ಕಾಲೇಜಿಗೆ ಹೋಗುವ ವಯಸ್ಸು ನಮ್ಮದು ದಾಟಿದ್ದರೂ, ನಮಗೂ ಈ ಪಾಠದ ಒಂದು ತುಣುಕು ಸಾಕು. ನಾಳೆ ಯಾರ ಬಗೆಗಾದರೂ, 'ಅಂವ ಅಂಥಾವನ' ಎಂಬ ಮಾತು ನಾಲಗೆಗೆ ಬಂದಾಗ ಒಂದು ಗಳಿಗೆ ತಡೆದು, ಕಂಡದ್ದು ಹೊಗೆಯೋ ಮಂಜೋ ಎಂದು ಕೇಳಿಕೊಳ್ಳೋಣ.